ದೃಶ್ಯಮಾಯೆಯ ವಿದ್ಯೆ: ನಮ್ಮ ಮಕ್ಕಳಿಗೊಂದು ಹೊಸ ಕಾಯಕ

ಪಿ.ಯು.ಸಿ. ಫಲಿತಾಂಶದ ದಿನಗಳು ಸಮೀಪಿಸಿದಂತೆ ನಮ್ಮ ಸಮಾಜದ ಮನೆಮನೆಗಳಲ್ಲಿ ಒಂದೇ ಮಾತು. ಮಗನನ್ನು ಇಂಜಿನಿಯರಿಂಗಿಗೆ ಕಳುಹಿಸುವುದೋ, ಮಗಳನ್ನು ವೈದ್ಯಕೀಯಕ್ಕೆ ಸೇರಿಸುವುದೋ, ಅದಾಗದಿದ್ದರೆ ಬಿ.ಎಸ್ಸಿ. ಕೃಷಿಯೋ, ಬಿ.ಕಾಂ. ಪದವಿಯೋ ಎಂಬ ವಿಚಾರ ಪಡಸಾಲೆಯಲ್ಲಿ ಹಿರಿಯರ ನಡುವೆ ನಡೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಗೆ ಹೊಸದೊಂದು ಹೆಸರು ಸೇರಿಕೊಂಡಿದೆ. "ನಾನು ವಿ.ಎಫ್.ಎಕ್ಸ್. ಓದುತ್ತೇನೆ" ಎಂದು ಮಗುವೊಂದು ಹೇಳಿದೊಡನೆ ತಂದೆತಾಯಿಗಳು ಪರಸ್ಪರ ಮುಖ ನೋಡಿಕೊಳ್ಳುವುದು, "ಇದೆಂಥಾ ಸಿನೆಮಾದ ಹುಚ್ಚು ತಮ್ಮಾ" ಎಂದು ಅಜ್ಜ ಗದರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ.

ಈ ಗದರಿಕೆಯ ಹಿಂದೆ ಇರುವುದು ಕೋಪವಲ್ಲ, ಕಾಳಜಿ. ಈ ವಿದ್ಯೆ ಹೊಟ್ಟೆಗೆ ಅನ್ನ ಕೊಡುವುದೇ? ಗೌರವದ ಬದುಕು ಕಟ್ಟಿಕೊಡುವುದೇ? ಲಕ್ಷಾಂತರ ರೂಪಾಯಿ ಶುಲ್ಕ ತೆತ್ತ ಮೇಲೆ ಮಗು ಬರಿಗೈಯಲ್ಲಿ ಮನೆಗೆ ಮರಳಿದರೆ ಗತಿಯೇನು? ಈ ಪ್ರಶ್ನೆಗಳು ನ್ಯಾಯವಾದವು. ಇವುಗಳಿಗೆ ಉತ್ತರ ಹುಡುಕುವ ಮೊದಲು ವಿದ್ಯೆಯ ಸ್ವರೂಪವನ್ನು ನಾವು ಅರಿಯಬೇಕು. ಅರಿಯದೆ ಬೇಡವೆನ್ನುವುದೂ ಅರಿಯದೆ ಹೂಂಗುಟ್ಟುವುದೂ ಎರಡೂ ಮಕ್ಕಳಿಗೆ ಹಿತವಲ್ಲ.

ಹಳೆಯ ಮಾಯೆ, ಹೊಸ ಸಾಧನ

ವಿಷುಯಲ್ ಎಫೆಕ್ಟ್ಸ್ ಎಂದರೆ ಕ್ಯಾಮೆರಾದ ಎದುರು ಇಲ್ಲದುದನ್ನು ತೆರೆಯ ಮೇಲೆ ಇರುವಂತೆ ಕಾಣಿಸುವ ಕಲೆ. ಜನಸಾಮಾನ್ಯರು ಇದನ್ನು ಗ್ರಾಫಿಕ್ಸ್ ಎಂದು ಕರೆಯುತ್ತಾರೆ. ಹೆಸರು ಹೊಸದಾದರೂ ಕಲೆ ಹೊಸದಲ್ಲ. 1913ರಲ್ಲಿ 'ರಾಜಾ ಹರಿಶ್ಚಂದ್ರ' ಚಿತ್ರವನ್ನು ನಿರ್ಮಿಸಿದ ದಾದಾಸಾಹೇಬ ಫಾಲ್ಕೆಯವರು ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿಯೂ ಬರೋಡೆಯ ಕಲಾ ಭವನದಲ್ಲಿಯೂ ಕಲಿತವರು. ಚಿತ್ರಕಲೆ ಮತ್ತು ಛಾಯಾಗ್ರಹಣಗಳ ಆ ಶಿಕ್ಷಣವೇ ಮುಂದೆ 1917ರ 'ಲಂಕಾ ದಹನ', 1919ರ 'ಕಾಳಿಯ ಮರ್ದನ'ಗಳಲ್ಲಿ ಪುರಾಣದ ಪವಾಡಗಳನ್ನು ತೆರೆಗೆ ತರಲು ಅವರಿಗೆ ನೆರವಾಯಿತು. 1957ರ 'ಮಾಯಾ ಬಜಾರ್' ಚಿತ್ರದಲ್ಲಿ ಘಟೋತ್ಕಚನ ಭೋಜನದ ದೃಶ್ಯವನ್ನು ಕಂಡು ಬೆರಗಾಗದವರು ಯಾರು? ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆಯವರ ಕೈಚಳಕ ಅದು. ಆ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. 1977ರಲ್ಲಿ ತೆರೆಕಂಡ ನಮ್ಮ 'ಬಬ್ರುವಾಹನ'ದಲ್ಲಿ ಅರ್ಜುನನೂ ಬಬ್ರುವಾಹನನೂ ಎದುರುಬದುರು ನಿಂತು ಸವಾಲು ಹಾಕುವಾಗ, ಇಬ್ಬರೂ ಡಾ. ರಾಜಕುಮಾರರೇ ಎಂಬುದನ್ನು ಪ್ರೇಕ್ಷಕರು ಮರೆತೇಬಿಡುತ್ತಿದ್ದರು. ದ್ವಿಪಾತ್ರದ ದೃಶ್ಯಗಳಿಗೆ ಆ ಕಾಲದಲ್ಲಿ ರೂಢಿಯಲ್ಲಿದ್ದ ವಿಧಾನ ಸರಳವಾದರೂ ಕಠಿಣವಾದುದು. ಮಸೂರದ ಅರ್ಧಭಾಗವನ್ನು ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ತೆರೆದು ಇನ್ನೊಂದು ಪಾತ್ರವನ್ನು ಚಿತ್ರಿಸಬೇಕಾಗಿತ್ತು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಶ್ರಮವೆಲ್ಲ ನೀರಿನಲ್ಲಿ ಹೋಮ.

ಕಂಪ್ಯೂಟರ್ ಈ ಕ್ಷೇತ್ರಕ್ಕೆ ಬಂದುದು ವಿಶ್ವವಿದ್ಯಾಲಯದ ಬಾಗಿಲಿನಿಂದಲೇ ಎಂಬುದು ಗಮನಾರ್ಹ. ಅಮೆರಿಕೆಯ ಯೂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಎಡ್ ಕ್ಯಾಟ್ಮಲ್ 1972ರಲ್ಲಿ ತಮ್ಮ ಎಡಗೈಯ ಆಕಾರವನ್ನು ಕಂಪ್ಯೂಟರಿಗೆ ಉಣಿಸಿ, ಅದು ತೆರೆಯ ಮೇಲೆ ಬೆರಳು ಮಡಿಚುವಂತೆ ಮಾಡಿದರು. ಅದೇ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ 1975ರಲ್ಲಿ ಪ್ರಯೋಗಕ್ಕೆಂದು ಒಂದು ವಸ್ತುವನ್ನು ಹುಡುಕುತ್ತಿದ್ದಾಗ, ಮನೆಯಲ್ಲಿದ್ದ ಚಹಾ ಕಿತ್ತಲಿಯನ್ನೇ ಬಳಸಬಾರದೇಕೆ ಎಂದು ಅವರ ಪತ್ನಿ ಸಲಹೆಯಿತ್ತರಂತೆ. ನ್ಯೂವೆಲ್ ಆ ಕಿತ್ತಲಿಯ ರೇಖೆಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿ, ಅವನ್ನು ಅಂಕೆಗಳಾಗಿ ಪರಿವರ್ತಿಸಿದರು. ಈ ವಿದ್ಯೆ ಕಲಿಯುವವರು ಇಂದಿಗೂ 'ಯೂಟಾ ಕಿತ್ತಲಿ'ಯನ್ನು ಬಲ್ಲರು. ಕ್ಯಾಟ್ಮಲ್ ಮುಂದೆ ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದರು. 1995ರಲ್ಲಿ 'ಟಾಯ್ ಸ್ಟೋರಿ' ಎಂಬ, ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ರಚಿತವಾದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ ಅಲ್ಲಿಂದ ಹೊರಬಂದಿತು. ಕಂಪ್ಯೂಟರ್ ವಿಜ್ಞಾನದ ಪರಮೋಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯ 2019ರ ಪುರಸ್ಕಾರ ಅವರಿಗೂ ಪ್ಯಾಟ್ ಹ್ಯಾನ್ರಹನ್ ಅವರಿಗೂ ಸಂದಿತು. ಅಡುಗೆಮನೆಯ ಕಿತ್ತಲಿಯಿಂದ ಆರಂಭವಾದ ಪ್ರಯೋಗಗಳು ಎಂತಹ ಶಾಸ್ತ್ರವಾಗಿ ಬೆಳೆದವೆಂಬುದಕ್ಕೆ ಇದು ಸಾಕ್ಷಿ.

ಒಂದು ದೃಶ್ಯದ ಹಿಂದೆ ನೂರು ಕೈ

ಚಲನಚಿತ್ರದಲ್ಲಿ ಪ್ರತಿ ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಸರಿಯುತ್ತವೆ. ಎರಡೂವರೆ ತಾಸಿನ ಚಿತ್ರವೊಂದರಲ್ಲಿ ಅವುಗಳ ಸಂಖ್ಯೆ 2,16,000. ಕೇವಲ 5 ಸೆಕೆಂಡುಗಳ ಒಂದು ದೃಶ್ಯವೆಂದರೂ 120 ಚಿತ್ರಗಳು. ರಾಜನೊಬ್ಬ ಕೋಟೆಯ ಬುರುಜಿನ ಮೇಲೆ ನಿಂತು ಕೆಳಗೆ ಹಬ್ಬಿದ ಸೈನ್ಯವನ್ನು ನೋಡುವ ದೃಶ್ಯವೆಂದು ಭಾವಿಸೋಣ. ಸ್ಟುಡಿಯೋದಲ್ಲಿ ನಿಜವಾಗಿ ಇರುವುದು ಹಸಿರು ಪರದೆಯ ಮುಂದೆ ಹಲಗೆಯ ಮೇಲೆ ನಿಂತ ನಟನೊಬ್ಬನೇ. ಹಸಿರು ಮೈಬಣ್ಣಕ್ಕಿಂತ ತೀರ ಭಿನ್ನವಾದುದರಿಂದ ಆ ಬಣ್ಣವನ್ನು ಕಂಪ್ಯೂಟರ್ ಸುಲಭವಾಗಿ ಬೇರ್ಪಡಿಸಬಲ್ಲುದು. ಪರದೆ ಇಲ್ಲದ ಕಡೆ ನಟನ ಅಂಚನ್ನು ಒಂದೊಂದು ಚಿತ್ರದಲ್ಲಿಯೂ ರೇಖೆ ಎಳೆದು ಕತ್ತರಿಸಬೇಕು. ಇದಕ್ಕೆ ರೋಟೋಸ್ಕೋಪಿಂಗ್ ಎಂದು ಹೆಸರು. ನಟನನ್ನು ಹಿಡಿದಿದ್ದ ತಂತಿ, ಮೂಲೆಯಲ್ಲಿ ಇಣುಕಿದ ದೀಪದ ಕಂಬ ಮುಂತಾದವನ್ನು ಅಳಿಸುವವರು ಬೇರೆ. ಕ್ಯಾಮೆರಾ ಹೇಗೆ ಚಲಿಸಿತೆಂದು ಲೆಕ್ಕ ಹಾಕಿ ಕಂಪ್ಯೂಟರಿನ ಕ್ಯಾಮೆರಾವನ್ನು ಅದಕ್ಕೆ ಹೊಂದಿಸುವವರು ಇನ್ನೊಬ್ಬರು.

ಆ ಬಳಿಕ ಕೋಟೆಯ ಆಕಾರವನ್ನು ಕಟ್ಟುವವರು, ಕಲ್ಲಿಗೆ ಪಾಚಿಯ ಬಣ್ಣ ಬಳಿಯುವವರು, ಕುದುರೆಯ ಮೈಗೆ ಎಲುಬುಕೀಲುಗಳನ್ನು ಅಳವಡಿಸುವವರು, ಅದನ್ನು ನಡೆಸುವವರು, ಧೂಳು ಹೊಗೆ ಬೆಂಕಿ ನೀರುಗಳನ್ನು ಭೌತಶಾಸ್ತ್ರದ ನಿಯಮಗಳಂತೆ ಹರಿಯಿಸುವವರು, ಸೂರ್ಯನ ಬೆಳಕು ಎತ್ತ ಬೀಳಬೇಕೆಂದು ನಿರ್ಣಯಿಸುವವರು, ಕಟ್ಟಕಡೆಗೆ ಎಲ್ಲವನ್ನೂ ಒಂದರ ಮೇಲೊಂದು ಪದರವಾಗಿ ಜೋಡಿಸಿ ಬೆಸುಗೆ ಕಾಣದಂತೆ ಮಾಡುವ ಕಂಪೋಸಿಟಿಂಗ್ ಕಲಾವಿದರು. ಹೀಗೆ ಹತ್ತಾರು ವಿಭಾಗಗಳ ಕೈಗಳು ಕೂಡಿದಾಗ ಮಾತ್ರ ಆ 5 ಸೆಕೆಂಡು ಪೂರ್ಣವಾಗುತ್ತದೆ. ಕೆಲಸ ಚೆನ್ನಾಗಿದ್ದಷ್ಟೂ ಮಾಡಿದವರು ಕಾಣಿಸುವುದಿಲ್ಲ. ಪ್ರೇಕ್ಷಕ ಚಪ್ಪಾಳೆ ತಟ್ಟುವುದು ನಾಯಕನಿಗೆ. 2018ರ 'ಕೆ.ಜಿ.ಎಫ್.' ಮೊದಲ ಭಾಗಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ವಿಶೇಷ ಪರಿಣಾಮಗಳ ಪ್ರಶಸ್ತಿ ಬಂದುದು ನಮ್ಮಲ್ಲಿ ಎಷ್ಟು ಜನರ ನೆನಪಿನಲ್ಲಿದೆ?

ಶರಣರ ದೃಷ್ಟಿಯಲ್ಲಿ

ಕಲೆಯ ಕಸುಬನ್ನು ಕೀಳೆಂದು ಭಾವಿಸುವುದು ಬಸವಣ್ಣನವರ ಅನುಯಾಯಿಗಳಾದ ನಮಗೆ ಸಲ್ಲದು. ಅನುಭವ ಮಂಟಪದಲ್ಲಿ ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ನುಲಿಯ ಚಂದಯ್ಯನವರು ಕುಳಿತ ಸಾಲಿನಲ್ಲಿಯೇ ಬಹುರೂಪಿ ಚೌಡಯ್ಯನವರೂ ಕುಳಿತಿದ್ದರು. ಬಗೆಬಗೆಯ ವೇಷ ತೊಟ್ಟು ಜನರನ್ನು ರಂಜಿಸುವುದೇ ಅವರ ಕಾಯಕವಾಗಿತ್ತು. ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನವರಿದ್ದರು. ಅಲ್ಲಮಪ್ರಭುಗಳು ಮದ್ದಳೆ ಬಾರಿಸುವುದರಲ್ಲಿ ನಿಪುಣರಾಗಿದ್ದರೆಂದು ಪರಂಪರೆ ಹೇಳುತ್ತದೆ. ವೇಷ ಧರಿಸಿ ಬದುಕಿದವರನ್ನು ಶರಣರೆಂದು ನಮಸ್ಕರಿಸುವ ಸಮಾಜ, ವೇಷವನ್ನು ಕಂಪ್ಯೂಟರಿನಲ್ಲಿ ಕಟ್ಟುವ ಮಗುವನ್ನು ಹೀಗಳೆಯುವುದು ಹೇಗೆ? ಪ್ರಾಮಾಣಿಕವಾಗಿ ಮಾಡಿದ ಯಾವ ದುಡಿಮೆಯೂ ಕಾಯಕವೇ. ಸತ್ಯಶುದ್ಧತೆ ಇದೆಯೋ ಇಲ್ಲವೋ ಎಂಬುದೊಂದೇ ಅಲ್ಲಿ ಮುಖ್ಯ.

ಅದರಿಂದಲೇ ಈ ವಿದ್ಯೆಯ ಇನ್ನೊಂದು ಮುಖವನ್ನೂ ಹೇಳಬೇಕಾಗಿದೆ. ಇಲ್ಲದುದನ್ನು ಇದೆಯೆಂದು ತೋರಿಸುವ ಶಕ್ತಿ ಕೆಟ್ಟ ಕೈಗೆ ಸಿಕ್ಕರೆ ಮೋಸವಾಗುತ್ತದೆ. 2009ರಲ್ಲಿ ಅಗಲಿದ ಡಾ. ವಿಷ್ಣುವರ್ಧನರನ್ನು 2016ರ 'ನಾಗರಹಾವು' ಚಿತ್ರದಲ್ಲಿ ಕಂಪ್ಯೂಟರಿನಿಂದ ಮರಳಿ ತೆರೆಗೆ ತಂದಾಗ ಅಭಿಮಾನಿಗಳು ಸಂತೋಷಪಟ್ಟರು. 2023ರ ನವೆಂಬರಿನಲ್ಲಿ ಕನ್ನಡ ನಾಡಿನ ಖ್ಯಾತ ನಟಿಯೊಬ್ಬರ ಮುಖವನ್ನು ಬೇರೊಬ್ಬ ಮಹಿಳೆಯ ದೇಹಕ್ಕೆ ಅಂಟಿಸಿದ ದೃಶ್ಯ ಹರಡಿದಾಗ ದೇಶವೇ ತಲೆತಗ್ಗಿಸಿತು. ತಂತ್ರದ ಬೇರು ಒಂದೇ, ಬಳಸಿದ ಮನಸ್ಸು ಬೇರೆ. ಆಯ್ದಕ್ಕಿ ಮಾರಯ್ಯನವರು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದ ಪ್ರಸಂಗವನ್ನು ನಮ್ಮ ಮಕ್ಕಳು ಬಾಲ್ಯದಿಂದಲೂ ಕೇಳಿದ್ದಾರೆ. ಕೈಗೆ ಸಿಕ್ಕುವುದೆಲ್ಲ ತನ್ನದಲ್ಲ ಎಂಬ ಆ ವಿವೇಕ ಈ ವಿದ್ಯಾರ್ಥಿಗಳಿಗೆ ಎಲ್ಲರಿಗಿಂತ ಹೆಚ್ಚು ಬೇಕು. ಅದನ್ನು ಕಲಿಸುವುದು ಕಾಲೇಜಲ್ಲ, ಮನೆ.

ಏನನ್ನು, ಎಲ್ಲಿ ಕಲಿಯಬೇಕು?

ಪಾಲಕರು ಸಾಮಾನ್ಯವಾಗಿ ಭಾವಿಸುವಂತೆ ಇದು ಕಂಪ್ಯೂಟರ್ ಗುಂಡಿ ಒತ್ತುವ ತರಬೇತಿಯಲ್ಲ. ಇಂದಿನ ತಂತ್ರಾಂಶ ಐದು ವರ್ಷಗಳಲ್ಲಿ ಹಳತಾಗಬಹುದು. ನೋಡುವ ಕಣ್ಣು ಹಳತಾಗುವುದಿಲ್ಲ. ಒಳ್ಳೆಯ ಪದವಿ ವ್ಯಾಸಂಗದಲ್ಲಿ ಚಿತ್ರರಚನೆ, ದೇಹರಚನೆ, ಬೆಳಕು ನೆರಳು, ಬಣ್ಣ, ಛಾಯಾಗ್ರಹಣ, ಕಥೆ ಹೇಳುವ ಕ್ರಮ ಮೊದಲು ಬರುತ್ತವೆ; ಮಾಯಾ, ಹೌಡಿನಿ, ನ್ಯೂಕ್ ಮುಂತಾದ ತಂತ್ರಾಂಶಗಳು ಆಮೇಲೆ. ಗಣಿತ ಮತ್ತು ಭೌತಶಾಸ್ತ್ರ ಬಲ್ಲ ವಿದ್ಯಾರ್ಥಿಗೆ ನೀರು ಬೆಂಕಿಗಳ ವಿಭಾಗದಲ್ಲಿ ವಿಶೇಷ ಬೇಡಿಕೆ. ಚಿತ್ರಕಲೆ ಬಲ್ಲವರಿಗೆ ಹಿನ್ನೆಲೆ ಮತ್ತು ಪಾತ್ರರಚನೆಯಲ್ಲಿ ಸ್ಥಾನ. ಹಳ್ಳಿಯ ಮಕ್ಕಳಿಗೆ ಇಲ್ಲಿ ಒಂದು ಸ್ವಾಭಾವಿಕ ಅನುಕೂಲವಿದೆ ಎಂದು ನಮ್ಮ ಎಣಿಕೆ. ಏರಿ ಹತ್ತುವಾಗ ಎತ್ತಿನ ಹೆಗಲು ಹೇಗೆ ಏಳುತ್ತದೆ, ಕಣದಲ್ಲಿ ತೂರಿದ ಹೊಟ್ಟು ಗಾಳಿಗೆ ಹೇಗೆ ಬಾಗುತ್ತದೆ, ಮಳೆಗೆ ಮುಂಚೆ ಮೋಡದ ಬಣ್ಣ ಹೇಗೆ ಮಾರ್ಪಡುತ್ತದೆ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಹಿರಿದಾದ ಮಾದರಿಯಿದೆ. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ದೊಡ್ಡ ಕನ್ನಡಿಗಳ ಮೂಲಕ ಸೂರ್ಯರಶ್ಮಿಯನ್ನು ಸ್ಟುಡಿಯೋದೊಳಕ್ಕೆ ಹರಿಸಿ ಅವರು ಮೂಡಿಸಿದ ಬೆಳಕಿನ ಕಂಬವನ್ನು ಇಂದಿನ ಕಂಪ್ಯೂಟರ್ ಕಲಾವಿದರೂ ಪಾಠವಾಗಿ ನೋಡುತ್ತಾರೆ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರೆಂಬ ಕೀರ್ತಿ ಕನ್ನಡಿಗರದಾಯಿತು. ಸರಕಾರಿ ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಅಷ್ಟು ದೂರ ಕೊಂಡೊಯ್ಯಬಲ್ಲುದು.

ಇಂದು ಹಾದಿಗಳು ಹಲವು. ನಾಲ್ಕು ವರ್ಷಗಳ ಬಿ.ವಿ.ಎ. ಎಂಬ ದೃಶ್ಯಕಲಾ ಪದವಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಮುಂತಾದೆಡೆ ದೊರೆಯುತ್ತದೆ. ಅನಿಮೇಶನ್ ಅಥವಾ ಅನ್ವಯಿಕ ಕಲೆಯ ವಿಭಾಗ ಎಲ್ಲಿದೆ ಎಂಬುದನ್ನು ಆಯಾ ವರ್ಷವೇ ವಿಚಾರಿಸಬೇಕು. ಅನಿಮೇಶನ್ ಮತ್ತು ವಿ.ಎಫ್.ಎಕ್ಸ್. ವಿಷಯದಲ್ಲಿ ಬಿ.ಎಸ್ಸಿ. ಪದವಿಯನ್ನು ಹಲವು ವಿಶ್ವವಿದ್ಯಾಲಯಗಳು ನೀಡುತ್ತವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅದರದೇ ಪ್ರವೇಶ ಪರೀಕ್ಷೆ, ಐ.ಐ.ಟಿ.ಗಳ ವಿನ್ಯಾಸ ಪದವಿಗೆ ಯುಸೀಡ್ ಪರೀಕ್ಷೆ. ಇವುಗಳಿಗೆ ಪಿ.ಯು.ಸಿ.ಯ ಮೊದಲ ವರ್ಷದಿಂದಲೇ ಸಿದ್ಧತೆ ಬೇಕು. ಇಂಜಿನಿಯರಿಂಗ್ ಓದಿಯೂ ಈ ಕ್ಷೇತ್ರದ ತಂತ್ರಾಂಶ ವಿಭಾಗಕ್ಕೆ ಬರಬಹುದೆಂಬುದನ್ನು ಮರೆಯಬಾರದು. ಮನೆಯವರೂ ಮಗುವೂ ಇಬ್ಬರೂ ಒಪ್ಪುವ ಮಧ್ಯಮಾರ್ಗ ಅನೇಕ ವೇಳೆ ಇದೇ ಆಗಿರುತ್ತದೆ.

ಶುಲ್ಕ ಕಟ್ಟುವ ಮೊದಲು

ಹೊಸ ವಿದ್ಯೆಯ ಹೆಸರಿನಲ್ಲಿ ಅಂಗಡಿ ತೆರೆದವರೂ ಉಂಟು. ಬಣ್ಣಬಣ್ಣದ ಕರಪತ್ರ, ಹವಾನಿಯಂತ್ರಿತ ಕೊಠಡಿ, ನೂರಕ್ಕೆ ನೂರು ಉದ್ಯೋಗದ ಭರವಸೆ ಇವುಗಳಿಗೆ ಮರುಳಾಗಿ ಹೊಲ ಅಡವಿಡಬಾರದು. ಕೊಡುವುದು ವಿಶ್ವವಿದ್ಯಾಲಯ ಅನುದಾನ ಆಯೋಗ ಮಾನ್ಯ ಮಾಡಿದ ವಿಶ್ವವಿದ್ಯಾಲಯದ ಪದವಿಯೋ, ಇಲ್ಲವೇ ಸಂಸ್ಥೆಯದೇ ಪ್ರಮಾಣಪತ್ರವೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಪದವಿ ಇದ್ದರೆ ಮುಂದೆ ಸ್ನಾತಕೋತ್ತರ ವ್ಯಾಸಂಗ, ಅಧ್ಯಾಪನ, ಸರಕಾರಿ ಪರೀಕ್ಷೆಗಳ ಬಾಗಿಲು ತೆರೆದಿರುತ್ತದೆ. ಪ್ರಮಾಣಪತ್ರ ಮಾತ್ರವಿದ್ದರೆ ಅವು ಮುಚ್ಚುತ್ತವೆ. ಹಿಂದಿನ ಎರಡು ಮೂರು ತಂಡಗಳ ವಿದ್ಯಾರ್ಥಿಗಳನ್ನು ಕಂಡು ಈಗ ಎಲ್ಲಿದ್ದಾರೆಂದು ಕೇಳಿರಿ. ಪಾಠ ಹೇಳುವವರು ಸ್ಟುಡಿಯೋದಲ್ಲಿ ದುಡಿದವರೋ ಎಂದು ವಿಚಾರಿಸಿರಿ. ಅಂತಿಮ ವರ್ಷದ ವಿದ್ಯಾರ್ಥಿಗಳ 'ಶೋರೀಲ್' ತೋರಿಸಲು ಹೇಳಿರಿ. ಒಂದೆರಡು ನಿಮಿಷಗಳ ಆ ಸ್ವಂತ ಕೆಲಸದ ಮಾದರಿಯನ್ನು ನೋಡಿಯೇ ಸ್ಟುಡಿಯೋಗಳು ನೌಕರಿ ಕೊಡುವುದು. ಅಂಕಪಟ್ಟಿ ಅಲ್ಲಿ ಎರಡನೆಯ ಮಾತು.

ಮಗುವಿನ ಆಸಕ್ತಿ ನಿಜವೋ ಕ್ಷಣಿಕವೋ ಎಂದು ಪರೀಕ್ಷಿಸಲು ಖರ್ಚಿಲ್ಲದ ಉಪಾಯವೊಂದಿದೆ. 'ಬ್ಲೆಂಡರ್' ಎಂಬ ತಂತ್ರಾಂಶ 2002ರಿಂದ ಮುಕ್ತವಾಗಿ, ಉಚಿತವಾಗಿ ದೊರೆಯುತ್ತಿದೆ. ಇದನ್ನೇ ಬಳಸಿ ಲಾಟ್ವಿಯ ಎಂಬ ಪುಟ್ಟ ದೇಶದ ಕಲಾವಿದರು ರಚಿಸಿದ 'ಫ್ಲೋ' ಚಿತ್ರಕ್ಕೆ 2025ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ಬೇಸಿಗೆ ರಜೆಯ ಎರಡು ತಿಂಗಳು ಮಗು ಇದರಲ್ಲಿ ತಾಳ್ಮೆಯಿಂದ ಕುಳಿತು ಏನನ್ನಾದರೂ ಮಾಡಿ ಮುಗಿಸಿದರೆ ಆಸಕ್ತಿ ಗಟ್ಟಿಯೆಂದು ತಿಳಿಯಬಹುದು. ಸಿನೆಮಾ ನೋಡುವ ಆಸೆ ಬೇರೆ, 120 ಚಿತ್ರಗಳನ್ನು ಒಂದೊಂದಾಗಿ ತಿದ್ದುವ ತಾಳ್ಮೆ ಬೇರೆ.

ಬೆಳಕೂ ನೆರಳೂ

ಕರ್ನಾಟಕವು 2012ರಲ್ಲಿಯೇ ಅನಿಮೇಶನ್, ವಿ.ಎಫ್.ಎಕ್ಸ್., ಗೇಮಿಂಗ್ ಕ್ಷೇತ್ರಕ್ಕೆಂದು ಪ್ರತ್ಯೇಕ ನೀತಿಯನ್ನು ರೂಪಿಸಿ ದೇಶಕ್ಕೆ ಮೊದಲಿಗವಾಯಿತು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. 2017ರಲ್ಲಿ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆದ 'ದಿ ಜಂಗಲ್ ಬುಕ್' ಚಿತ್ರದ ಕೆಲಸದಲ್ಲಿ ಬೆಂಗಳೂರಿನ ಸ್ಟುಡಿಯೋದ ಕಲಾವಿದರ ಪಾಲೂ ಇತ್ತು. ಚಲನಚಿತ್ರವಲ್ಲದೆ ಜಾಹೀರಾತು, ಕಿರುತೆರೆ, ಗೇಮ್, ವಾಸ್ತುಶಿಲ್ಪ, ವೈದ್ಯಕೀಯ ಬೋಧನೆಗಳಲ್ಲಿಯೂ ಈ ಕೌಶಲ್ಯಕ್ಕೆ ಕೆಲಸವಿದೆ.

ನೆರಳನ್ನು ಮುಚ್ಚಿಡುವುದು ಪಾಲಕರಿಗೆ ದ್ರೋಹ ಬಗೆದಂತೆ. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ಆಸ್ಕರ್ ಪಡೆದ ತಿಂಗಳಲ್ಲೇ ದಿವಾಳಿ ಅರ್ಜಿ ಹಾಕಿತ್ತು. 2023ರಲ್ಲಿ ಹಾಲಿವುಡ್ಡಿನ ಲೇಖಕರು 148 ದಿನ, ನಟರು 118 ದಿನ ಮುಷ್ಕರ ಹೂಡಿದಾಗ ಅಲ್ಲಿ ಚಿತ್ರೀಕರಣ ನಿಂತಿತು. ಅಲ್ಲಿಯ ಚಿತ್ರಗಳನ್ನೇ ನಂಬಿದ್ದ ಇಲ್ಲಿಯ ಮೇಜುಗಳಿಗೂ ಕೆಲಸ ಕಡಿಮೆಯಾಯಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು, ಮುಂಬಯಿಗಳ ಸಾವಿರಾರು ಕಲಾವಿದರು ಏಕಾಏಕಿ ಕೆಲಸ ಕಳೆದುಕೊಂಡರು. ಬಾಡಿಗೆ ಮನೆ, ಸಾಲದ ಕಂತು, ಚಿಕ್ಕ ಮಕ್ಕಳು ಇದ್ದವರ ಸಂಕಟವನ್ನು ಊಹಿಸಬಹುದು. ಇದರ ಮೇಲೆ ಕೃತಕ ಬುದ್ಧಿಮತ್ತೆ ಬಂದಿದೆ. ಹೊಸಬರು ಮೊದಲು ಹಿಡಿಯುವ ಕೆಲಸವೇ ರೋಟೋ ಮತ್ತು ಅಳಿಸುವಿಕೆ. ಯಂತ್ರ ಮೊದಲು ಕೈಯಿಕ್ಕುತ್ತಿರುವುದೂ ಅಲ್ಲಿಯೇ. ಆದ್ದರಿಂದ ಕೇವಲ ಒಂದು ತಂತ್ರಾಂಶ ಕಲಿತು ನಿಲ್ಲುವವರಿಗೆ ಮುಂದಿನ ದಿನಗಳು ಕಠಿಣ. ಚಿತ್ರಕಲೆಯ ತಳಹದಿ, ಕಥೆಯ ಅರಿವು, ಮಾನ್ಯ ಪದವಿ ಈ ಮೂರೂ ಇದ್ದವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತಟ್ಟಬಲ್ಲರು.

ದುಡಿಮೆಯ ರೀತಿಯನ್ನೂ ತಿಳಿದಿರಬೇಕು. ಮೊದಲ ಕೆಲವು ವರ್ಷ ಸಂಬಳ ಸಾಧಾರಣ. ಚಿತ್ರದ ಬಿಡುಗಡೆ ಹತ್ತಿರವಾದಾಗ ರಾತ್ರಿ ಹಗಲೆನ್ನದ ಕೆಲಸ. ಕಣ್ಣು ಬೆನ್ನುಗಳಿಗೆ ಶ್ರಮ. ಹೆಣ್ಣುಮಕ್ಕಳನ್ನು ಕಳುಹಿಸುವವರು ರಾತ್ರಿ ಪಾಳಿಯ ವಾಹನ ವ್ಯವಸ್ಥೆ, ವಸತಿಗಳ ಬಗ್ಗೆ ಸ್ಪಷ್ಟವಾಗಿ ಕೇಳಿ ತಿಳಿಯಬೇಕು. ಹೆದರಿ ತಡೆಯುವ ಅಗತ್ಯ ಕಾಣದು. ಕಸೂತಿಯ ಸೂಕ್ಷ್ಮ, ರಂಗೋಲಿಯ ಲೆಕ್ಕಾಚಾರ ಬಲ್ಲ ನಮ್ಮ ಹೆಣ್ಣುಮಕ್ಕಳ ಕೈಗೆ ಇದು ಅನ್ಯವಾದ ವಿದ್ಯೆಯಲ್ಲ. ಮುಂಜಾನೆ ಇಷ್ಟಲಿಂಗ ಪೂಜೆಗೆ ಅರ್ಧ ತಾಸು ಮೀಸಲಿಡುವ ರೂಢಿ ಊರಲ್ಲಿದ್ದಾಗಲೇ ಬಲಿತಿದ್ದರೆ ನಗರದಲ್ಲಿಯೂ ಕೈಬಿಡುವುದಿಲ್ಲ. ದಿನವಿಡೀ ಚಂಚಲ ಬಿಂಬಗಳನ್ನು ದಿಟ್ಟಿಸುವ ಕಣ್ಣಿಗೆ ಅದು ವಿಶ್ರಾಂತಿಯೂ ಹೌದು.

ಸಮಾಜದ ಪಾಲು

ತಮ್ಮ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆ ಮುಡಿಪಿಟ್ಟ ಸಿರಸಂಗಿಯ ತ್ಯಾಗವೀರ ಲಿಂಗರಾಜರು, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದ ಏಳು ಜನ ಶಿಕ್ಷಕರು, ಅನ್ನ ಅಕ್ಷರಗಳ ದಾಸೋಹ ನಡೆಸಿದ ಸಿದ್ಧಗಂಗೆ, ಸುತ್ತೂರು ಮುಂತಾದ ಮಠಗಳು, ಇವರೆಲ್ಲ ತಮ್ಮ ಕಾಲಕ್ಕೆ ಹೊಸದಾಗಿದ್ದ ವಿದ್ಯೆಗೇ ಬೆಂಬಲ ನೀಡಿದವರು. ಇಂಗ್ಲಿಷ್ ಕಲಿಯುವುದು ಧರ್ಮಕ್ಕೆ ಕುಂದೆಂದು ಅವರು ಹಿಂಜರಿದಿದ್ದರೆ ನಮ್ಮ ಸ್ಥಿತಿ ಏನಾಗುತ್ತಿತ್ತು? ಇಂದಿನ ಸಂಘ ಸಂಸ್ಥೆಗಳು ಶಿಷ್ಯವೇತನದ ಪಟ್ಟಿಯಲ್ಲಿ ಇಂಜಿನಿಯರಿಂಗ್, ವೈದ್ಯಕೀಯಗಳ ಜೊತೆಗೆ ದೃಶ್ಯಕಲೆಯನ್ನೂ ಸೇರಿಸಲಿ ಎಂಬುದು ನಮ್ಮ ವಿನಂತಿ. ಪ್ರಸಾದ ನಿಲಯಗಳಲ್ಲಿ ಒಂದೆರಡು ಒಳ್ಳೆಯ ಕಂಪ್ಯೂಟರುಗಳಿದ್ದರೆ ಬಡ ವಿದ್ಯಾರ್ಥಿಯೂ ತನ್ನ ಶೋರೀಲ್ ಸಿದ್ಧಪಡಿಸಿಕೊಳ್ಳಬಲ್ಲನು.

ಹೀಗೆ ಕಲಿತ ಮಕ್ಕಳಿಂದ ಸಮಾಜಕ್ಕೆ ಮರಳಿ ಬರುವುದೂ ಉಂಟು. ಹನ್ನೆರಡನೆಯ ಶತಮಾನದ ಕಲ್ಯಾಣದ ಬೀದಿಗಳು ಹೇಗಿದ್ದವು, ಅಲ್ಲಿ ನೇಕಾರನ ಮಗ್ಗ, ಅಂಬಿಗನ ದೋಣಿ, ಅಗಸನ ಕಲ್ಲು ಹೇಗಿದ್ದವು ಎಂಬುದನ್ನು ಸಂಶೋಧಕರ ಮಾರ್ಗದರ್ಶನದಲ್ಲಿ ನಮ್ಮ ಮೊಮ್ಮಕ್ಕಳ ಕಣ್ಣಿಗೆ ಕಟ್ಟುವಂತೆ ತೋರಿಸುವವರು ಅವರೇ. ಅಕ್ಕಮಹಾದೇವಿಯ ಪಯಣವನ್ನು ಪರದೇಶದಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ತಲುಪಿಸುವವರೂ ಅವರೇ. ಆದರೆ ಅದಕ್ಕೂ ಮೊದಲು ಮಗು ತನ್ನ ಅನ್ನವನ್ನು ತಾನು ಗಳಿಸಬೇಕು. ದಾಸೋಹಕ್ಕೆ ಕಾಯಕವೇ ಮೂಲ.

ಆದುದರಿಂದ, ಈ ಬಾರಿ ಮನೆಯಲ್ಲಿ ಮಗುವೊಂದು ಈ ಮಾತೆತ್ತಿದರೆ ಒಡನೆಯೇ ಒಪ್ಪುವುದೂ ಬೇಡ, ಗದರುವುದೂ ಬೇಡ. ಅದು ಮಾಡಿದ ಕೆಲಸವನ್ನು ತೋರಿಸಲು ಹೇಳಿರಿ. ಕಾಲೇಜಿನ ಮಾನ್ಯತೆಯನ್ನು ವಿಚಾರಿಸಿರಿ. ಖರ್ಚನ್ನು ಮನೆಯ ಶಕ್ತಿಗೆ ಅಳೆದು ನೋಡಿರಿ. ಮೂರೂ ತೂಗಿದರೆ ಆಶೀರ್ವದಿಸಿ ಕಳುಹಿಸಿರಿ.